ಮುಳುಗಿದ ಊರಿನಿಂದ ಕೋಟೆಗೋಡೆಯ ಊರಿಗೆ: ವಿನ್ಷ್‌ಗಾವ್ ಕಣಿವೆಯಲ್ಲಿ ಎರಡು ದಿನಗಳ ಸೈಕಲ್ ಸುತ್ತು

ಇಟಲಿ, ಆಸ್ಟ್ರಿಯಾ ಮತ್ತು ಸ್ವಿಟ್ಜರ್ಲೆಂಡ್‌ಗಳ ಗಡಿಗಳು ಒಂದನ್ನೊಂದು ಮುಟ್ಟುವ ಮೂಲೆಯಲ್ಲಿ, ಇಟಲಿಯ ದಕ್ಷಿಣ ಟಿರೋಲ್ ಪ್ರಾಂತ್ಯಕ್ಕೆ ಸೇರಿದ ವಿನ್ಷ್‌ಗಾವ್ ಎಂಬ ಆಲ್ಪೈನ್ ಕಣಿವೆ ಇದೆ. ಇಟಾಲಿಯನ್ ಭಾಷೆಯಲ್ಲಿ ಇದನ್ನು ವಾಲ್ ವೆನೋಸ್ತಾ ಎನ್ನುತ್ತಾರೆ. ಕಣಿವೆಯ ಮೇಲ್ಭಾಗದಲ್ಲಿ ಸುಮಾರು 65 ಕಿಲೋಮೀಟರ್ ಉದ್ದದ, ಎಂಟರ ಅಂಕಿಯ ಆಕಾರದ ಒಂದು ಸೈಕಲ್ ಸುತ್ತನ್ನು ಎರಡು ದಿನಗಳಲ್ಲಿ ಮುಗಿಸುವ ಬಗೆಯನ್ನು ಈ ಲೇಖನ ವಿವರಿಸುತ್ತದೆ. ಗಟ್ಟಿ ಕಾಲಿನವರು ಇದನ್ನು ಒಂದೇ ದಿನದಲ್ಲಿ ಮುಗಿಸಬಲ್ಲರು. ಆದರೆ ಹಾಗೆ ಮಾಡಿದವರು ಎರಡು ಮಠಗಳನ್ನೂ ಹಳೆಯ ಚರ್ಚುಗಳನ್ನೂ ಹೊರಗಿನಿಂದಷ್ಟೇ ನೋಡಿ ಬರುತ್ತಾರೆ. ಈ ದಾರಿಯ ನಿಜವಾದ ಸಂಪತ್ತು ಇರುವುದು ಒಳಗಿನ ಗೋಡೆಗಳ ಮೇಲೆ.

ಊರುಗಳ ಹೆಸರಿನ ವಿಷಯವನ್ನು ಮೊದಲೇ ಹೇಳುವುದು ಒಳ್ಳೆಯದು. ಈ ಪ್ರದೇಶವು ಮೊದಲ ಮಹಾಯುದ್ಧದವರೆಗೆ ಆಸ್ಟ್ರಿಯಾಕ್ಕೆ ಸೇರಿತ್ತು ಮತ್ತು 1919ರ ಸೇಂಟ್ ಜರ್ಮೇನ್ ಒಪ್ಪಂದದ ಮೂಲಕ ಇಟಲಿಯ ಪಾಲಾಯಿತು. ಜನರ ಮನೆಮಾತು ಇಂದಿಗೂ ಜರ್ಮನ್. ಫಲಕಗಳು ಎರಡೂ ಭಾಷೆಗಳಲ್ಲಿವೆ. ಮಾಲ್ಸ್ ಎಂದರೂ ಮಾಲೆಸ್ ಎಂದರೂ ಒಂದೇ ಊರು, ಗ್ಲೂರ್ನ್ಸ್ ಮತ್ತು ಗ್ಲೊರೆಂಜಾ ಒಂದೇ, ಗ್ರೌನ್ ಮತ್ತು ಕುರೋನ್ ಒಂದೇ, ಎಟ್ಶ್ ಮತ್ತು ಅಡಿಜೆ ಒಂದೇ ನದಿ. ರೈಲು ಟಿಕೆಟ್‌ನಲ್ಲಿ ಒಂದು ಹೆಸರು, ನಕ್ಷೆಯಲ್ಲಿ ಇನ್ನೊಂದು ಹೆಸರು ಕಂಡರೆ ಗಾಬರಿಯಾಗಬೇಕಿಲ್ಲ. ಸ್ಥಳೀಯರನ್ನು ದಾರಿ ಕೇಳುವಾಗ ಜರ್ಮನ್ ಹೆಸರನ್ನು ಬಳಸಿದರೆ ಉತ್ತರ ಬೇಗ ಸಿಗುತ್ತದೆ. ಈ ಲೇಖನದಲ್ಲಿಯೂ ಅದೇ ಕ್ರಮವನ್ನು ಅನುಸರಿಸಿದ್ದೇನೆ.

ಯಾವಾಗ ಹೋಗಬೇಕು, ಯಾವ ವಾರ

ಮೇ ತಿಂಗಳ ನಡುವಿನಿಂದ ಅಕ್ಟೋಬರ್ ಆರಂಭದವರೆಗೆ ದಾರಿ ಸೈಕಲ್‌ಗೆ ಯೋಗ್ಯವಾಗಿರುತ್ತದೆ. ವಿನ್ಷ್‌ಗಾವ್ ಸುತ್ತಲಿನ ಎತ್ತರದ ಪರ್ವತಗಳ ಮಳೆನೆರಳಿನಲ್ಲಿರುವ ಒಣ ಕಣಿವೆಯಾದ್ದರಿಂದ ಮಳೆಯ ಕಾಟ ಕಡಿಮೆ. ಇಲ್ಲಿನ ತೊಂದರೆ ಗಾಳಿಯದು. ರೆಶೆನ್ ಕಣಿವೆಮಾರ್ಗದ ಕಡೆಯಿಂದ, ಅಂದರೆ ಉತ್ತರದಿಂದ, ಕೆಳಕ್ಕೆ ಬೀಸುವ ಗಾಳಿ ಎಷ್ಟು ಬಲವಾದದ್ದೆಂದರೆ ಅದಕ್ಕೆ ಕಣಿವೆಯದೇ ಹೆಸರು ಬಂದಿದೆ. ದಾರಿಯಲ್ಲಿ ಸಿಗುವ ರೆಶೆನ್ ಜಲಾಶಯದ ಮೇಲೆ ಗಾಳಿಪಟ ಕಟ್ಟಿಕೊಂಡು ಹಲಗೆಯ ಮೇಲೆ ಜಾರುವವರು ದೂರದೂರದಿಂದ ಬರುವುದೂ ಇದೇ ಗಾಳಿಗಾಗಿ. ಅವರ ಸಂಭ್ರಮವೇ ಸೈಕಲ್ ಸವಾರರ ಸಂಕಟ. ಆದ್ದರಿಂದ ಹೊರಡುವ ಹಿಂದಿನ ಸಂಜೆ ಹವಾಮಾನ ವರದಿಯಲ್ಲಿ ಮಳೆಯನ್ನಷ್ಟೇ ಅಲ್ಲದೆ ಗಾಳಿಯ ದಿಕ್ಕನ್ನೂ ನೋಡಬೇಕು.

ವಾರದ ಆಯ್ಕೆಯೂ ಮುಖ್ಯ. ಮಾರಿಯೆನ್‌ಬೆರ್ಗ್ ಮಠದ ವಸ್ತುಸಂಗ್ರಹಾಲಯ ಸಾಮಾನ್ಯವಾಗಿ ಭಾನುವಾರ ಮುಚ್ಚಿರುತ್ತದೆ, ಕೂರ್‌ಬುರ್ಗ್ ಕೋಟೆ ಸೋಮವಾರ ಮುಚ್ಚಿರುತ್ತದೆ, ಗಡಿಯಾಚೆಯ ಸ್ವಿಸ್ ಊರಾದ ಮ್ಯೂಸ್ಟೈರ್‌ನ ಮಠದಲ್ಲಿ ಭಾನುವಾರದ ಬೆಳಗು ಪ್ರಾರ್ಥನೆಗೆ ಮೀಸಲು. ಮೂರನ್ನೂ ಹೊಂದಿಸಿ ನೋಡಿದರೆ ಮಂಗಳವಾರ ಹೊರಟು ಬುಧವಾರ ಮುಗಿಸುವುದು ಎಲ್ಲಕ್ಕಿಂತ ಅನುಕೂಲ. ಸಮಯಪಟ್ಟಿಗಳು ಋತುವಿನೊಂದಿಗೆ ಬದಲಾಗುವುದರಿಂದ ಹೊರಡುವ ವಾರದಲ್ಲಿ ಮತ್ತೊಮ್ಮೆ ಖಚಿತಪಡಿಸಿಕೊಳ್ಳಿ.

ಮಾಲ್ಸ್ ತಲುಪುವುದು ಮತ್ತು ಸೈಕಲ್ ಪಡೆಯುವುದು

ಮ್ಯೂನಿಕ್ ಮತ್ತು ಅದರ ಸುತ್ತಮುತ್ತ ನೆಲೆಸಿರುವ ಕನ್ನಡಿಗರಿಗೆ ಇದು ಮೂರು ದಿನಗಳ ಬಿಡುವು ಸಾಕಾಗುವ ಪ್ರಯಾಣ. ಬ್ರೆನ್ನರ್ ಮಾರ್ಗದ ರೈಲಿನಲ್ಲಿ ಬೋಲ್ಜಾನೊ, ಅಲ್ಲಿಂದ ಮೆರಾನೊ, ಅಲ್ಲಿಂದ ವಿನ್ಷ್‌ಗಾವ್ ರೈಲಿನಲ್ಲಿ ಕೊನೆಯ ನಿಲ್ದಾಣವಾದ ಮಾಲ್ಸ್. ಕಡೆಯ 60 ಕಿಲೋಮೀಟರ್ ಹಳಿಯ ಕಥೆಯೂ ಕೇಳುವಂಥದ್ದು. 1906ರಲ್ಲಿ ಆರಂಭವಾದ ಈ ಮಾರ್ಗವನ್ನು 1990ರ ಹೊತ್ತಿಗೆ ಮುಚ್ಚಲಾಯಿತು, ಬಳಿಕ ಪ್ರಾಂತೀಯ ಸರ್ಕಾರವೇ ಅದನ್ನು ದುರಸ್ತಿ ಮಾಡಿಸಿ 2005ರಲ್ಲಿ ಮತ್ತೆ ತೆರೆಯಿತು. ಹಳಿಯ ಕಾಮಗಾರಿ ನಡೆಯುವ ಅವಧಿಯಲ್ಲಿ ರೈಲಿನ ಬದಲು ಬಸ್ ಓಡಿಸುವುದುಂಟು. ಬೇಸಿಗೆಯ ದಟ್ಟಣೆಯಲ್ಲಿ ಸ್ವಂತ ಸೈಕಲ್ಲನ್ನು ಹತ್ತಿಸಲು ನಿರ್ಬಂಧವೂ ಇರುತ್ತದೆ. ಹೀಗಾಗಿ ಸೈಕಲ್ಲನ್ನು ಮಾಲ್ಸ್‌ನಲ್ಲಿಯೇ ಬಾಡಿಗೆಗೆ ಪಡೆಯುವುದು ಜಾಣತನ.

ಬಾಡಿಗೆಗೆ ತೆಗೆದುಕೊಳ್ಳುವಾಗ ತೆಳು ಟೈರಿನ ರೋಡ್ ಬೈಕ್ ಬೇಡ. ದಾರಿಯ ಬಹುಭಾಗ ಡಾಂಬರು ಹಾಕಿದ್ದಾದರೂ ನಡುನಡುವೆ ಜಲ್ಲಿಯ ತುಂಡುಗಳಿವೆ. ಅಗಲ ಟೈರಿನ ಟ್ರೆಕ್ಕಿಂಗ್ ಸೈಕಲ್ ಇದಕ್ಕೆ ಸರಿಹೋಗುತ್ತದೆ. ಮೊದಲ ದಿನ ಹನ್ನೆರಡು ಕಿಲೋಮೀಟರ್ ಒಳಗೆ ಸುಮಾರು 470 ಮೀಟರ್ ಏರಬೇಕಾಗಿರುವುದರಿಂದ, ನಿತ್ಯ ಸೈಕಲ್ ತುಳಿಯುವ ಅಭ್ಯಾಸವಿಲ್ಲದವರು ಯಾವ ಸಂಕೋಚವೂ ಇಲ್ಲದೆ ಬ್ಯಾಟರಿ ಸೈಕಲ್ಲನ್ನು ಆರಿಸಿಕೊಳ್ಳಲಿ. ಅಂಗಡಿಯಿಂದ ಹೊರಡುವ ಮುನ್ನ ಎರಡೂ ಬ್ರೇಕ್‌ಗಳನ್ನು ಒತ್ತಿ ನೋಡಿ, ಏಕೆಂದರೆ ಏರಿದ್ದಷ್ಟನ್ನೂ ಇಳಿಯಲೇಬೇಕು. ಹೆಚ್ಚುವರಿ ಟ್ಯೂಬ್, ಪಂಪ್, ಬೀಗ ಮತ್ತು ದೀಪ ಇವೆಯೇ ಎಂದು ಕೇಳಿ. ಊರಾಚೆಯ ರಸ್ತೆಯಲ್ಲಿ ಕತ್ತಲಾದ ಮೇಲೆ ಸೈಕಲ್ ಹೊಡೆಯುವವರು ಹೊಳೆಯುವ ಜಾಕೆಟ್ ತೊಡಬೇಕೆಂಬುದು ಇಟಲಿಯ ನಿಯಮ. ಹೆಲ್ಮೆಟ್ ನಿಯಮಕ್ಕಾಗಿ ಅಲ್ಲದಿದ್ದರೂ ಇಳಿಜಾರಿಗಾಗಿ ಇರಲಿ. ನಮ್ಮ ಕೈ ಅಭ್ಯಾಸಬಲದಿಂದ ಎಡಕ್ಕೆ ಎಳೆಯುತ್ತದೆ. ಇಲ್ಲಿ ಸಂಚಾರ ಬಲಬದಿಯದು ಎಂಬುದನ್ನು ಪ್ರತಿ ತಿರುವಿನಲ್ಲೂ ನೆನೆಯಬೇಕು.

ಎರಡನೆಯ ದಿನ ಸ್ವಿಟ್ಜರ್ಲೆಂಡ್ ಪ್ರವೇಶವಿದೆ. ಎರಡೂ ದೇಶಗಳು ಷೆಂಗೆನ್ ವಲಯದಲ್ಲಿರುವುದರಿಂದ ಭಾರತೀಯ ಪಾಸ್‌ಪೋರ್ಟ್ ಹೊಂದಿದವರಿಗೆ ಪ್ರತ್ಯೇಕ ವೀಸಾ ಬೇಡ. ಆದರೆ ಪಾಸ್‌ಪೋರ್ಟನ್ನೋ ನಿವಾಸದ ಕಾರ್ಡನ್ನೋ ಹೋಟೆಲಿನಲ್ಲಿ ಬಿಟ್ಟುಹೋಗಬಾರದು. ಸ್ವಿಟ್ಜರ್ಲೆಂಡ್ ಯುರೋಪಿಯನ್ ಒಕ್ಕೂಟದ ಸದಸ್ಯ ರಾಷ್ಟ್ರವಲ್ಲದ ಕಾರಣ ಒಕ್ಕೂಟದೊಳಗಿನ ಉಚಿತ ರೋಮಿಂಗ್ ಅಲ್ಲಿ ಅನ್ವಯಿಸದೇ ಇರಬಹುದು. ಗಡಿ ದಾಟುವ ಮೊದಲು ಮೊಬೈಲ್ ಡೇಟಾ ನಿಲ್ಲಿಸಿ, ನಕ್ಷೆಯನ್ನು ಹಿಂದಿನ ರಾತ್ರಿಯೇ ಇಳಿಸಿಟ್ಟುಕೊಳ್ಳಿ.

ಮೊದಲ ದಿನ: ಬೆಳಿಗ್ಗೆಯ ಏರು

ಹಿಂದಿನ ಸಂಜೆಯೇ ಮಾಲ್ಸ್ ತಲುಪಿದ್ದರೆ ಅಲ್ಲಿನ ಸಂತ ಬೆನೆಡಿಕ್ಟ್ ಚರ್ಚು ತೆರೆದಿರುವ ವೇಳೆಯನ್ನು ವಿಚಾರಿಸಿ. ಹೊರಗಿನಿಂದ ಅದೊಂದು ಸಾಧಾರಣ ಕಲ್ಲುಕಟ್ಟಡ. ಒಳಗೆ ಸುಮಾರು ಕ್ರಿ.ಶ. 800ರ ಕಾಲದ ಭಿತ್ತಿಚಿತ್ರಗಳಿವೆ. ಅವುಗಳಲ್ಲಿ ಕತ್ತಿ ಹಿಡಿದ ಒಬ್ಬ ಫ್ರಾಂಕ್ ಸರದಾರನೂ ಚರ್ಚಿನ ಪುಟ್ಟ ಮಾದರಿಯನ್ನು ಕೈಯಲ್ಲಿ ಹಿಡಿದ ಒಬ್ಬ ಪಾದ್ರಿಯೂ ಇದ್ದಾರೆ. ದೇವರನ್ನೋ ಸಂತರನ್ನೋ ಬರೆಯುವುದು ಆ ಕಾಲದ ರೂಢಿ. ದಾನ ಕೊಟ್ಟ ಮನುಷ್ಯರನ್ನು ಹೀಗೆ ಎದುರೆದುರು ನಿಲ್ಲಿಸಿ ಬರೆದದ್ದು ಅಪರೂಪ.

ಮರುದಿನ ಬೆಳಿಗ್ಗೆ ಏಳೂವರೆಯೊಳಗೆ ಹೊರಡಬೇಕು. ಇದಕ್ಕೆ ಎರಡು ಕಾರಣಗಳಿವೆ. ಹೊತ್ತೇರಿದಂತೆ ಗಾಳಿಯ ಬಲ ಹೆಚ್ಚುವುದು ಒಂದು. ಇನ್ನೊಂದನ್ನು ಹೊಸಬರು ಊಹಿಸುವುದಿಲ್ಲ: ಈ ದಾರಿಗೆ ಬರುವ ಹೆಚ್ಚಿನವರು ಬಸ್ಸಿನಲ್ಲಿ ಮೇಲಿನ ರೆಶೆನ್ ಹಳ್ಳಿಗೆ ಹೋಗಿ ಅಲ್ಲಿಂದ ಕೆಳಕ್ಕೆ ಇಳಿಯುತ್ತಾರೆ. ಹತ್ತು ಗಂಟೆಯ ನಂತರ ಕಿರಿದಾದ ಸೈಕಲ್ ಪಥದಲ್ಲಿ ಮಕ್ಕಳುಮರಿಗಳೊಡನೆ ವೇಗವಾಗಿ ಇಳಿಯುತ್ತ ಬರುವ ಗುಂಪುಗಳಿಗೆ ಎದುರಾಗಿ ಏದುಸಿರು ಬಿಡುತ್ತ ಏರುವುದು ಸುಖದ ಅನುಭವವಲ್ಲ. ಏರು ಬೇಡವೇ ಬೇಡ ಎನ್ನುವವರು ತಾವೂ ಬಸ್ಸಿನಲ್ಲಿ ರೆಶೆನ್‌ಗೆ ಹೋಗಿ ಅಲ್ಲಿಂದಲೇ ಸುತ್ತು ಆರಂಭಿಸಬಹುದು. ಚರಿತ್ರೆಯ ದೃಷ್ಟಿಯಿಂದ ನಷ್ಟವೇನೂ ಇಲ್ಲ.

ಮಾಲ್ಸ್‌ನಿಂದ ಬುರ್ಗೈಸ್ ಎಂಬ ಹಳ್ಳಿಗೆ ಸುಮಾರು ಮೂರು ಕಿಲೋಮೀಟರ್. ಅಲ್ಲಿಂದ ಎಟ್ಶ್ ನದಿಯ ಜೊತೆಜೊತೆಗೇ ಸಾಗುವ ದಾರಿಯಲ್ಲಿ ಕೆಲವು ಕಡಿದಾದ ತುಂಡುಗಳಿವೆ. ಅವುಗಳಲ್ಲಿ ಇಳಿದು ತಳ್ಳಿಕೊಂಡು ಹೋದರೆ ಯಾರೂ ನಗುವುದಿಲ್ಲ. ಬಲಕ್ಕೆ ಕಾಣುವ ಮರವಿಲ್ಲದ ವಿಶಾಲ ಇಳಿಜಾರಿಗೆ ಮಾಲ್ಸರ್ ಹೈಡೆ ಎಂದು ಹೆಸರು. ಪಕ್ಕದ ಕೊಳ್ಳದಿಂದ ಪ್ರವಾಹಗಳು ಸಹಸ್ರಾರು ವರ್ಷ ಹೊತ್ತು ತಂದು ಬೀಸಣಿಗೆಯಂತೆ ಹರಡಿದ ಕಲ್ಲುಮಣ್ಣಿನ ಗುಡ್ಡೆ ಇದು, ಆಲ್ಪ್ಸ್‌ನಲ್ಲಿಯೇ ಅತಿ ದೊಡ್ಡವುಗಳ ಸಾಲಿಗೆ ಸೇರುತ್ತದೆ. ಒಣನೆಲವಾದ್ದರಿಂದ ರೈತರು ವಾಲ್ ಎಂದು ಕರೆಯುವ ಸಣ್ಣ ಕಾಲುವೆಗಳಲ್ಲಿ ಹಿಮನದಿಗಳ ನೀರನ್ನು ತಂದು ಹೊಲಕ್ಕೆ ಹಾಯಿಸುತ್ತಿದ್ದರು. ನಿಂತು ಉಸಿರಾಡಿಕೊಳ್ಳುವಾಗ ಹಿಂತಿರುಗಿ ನೋಡಿ: ದಕ್ಷಿಣದಲ್ಲಿ 3,905 ಮೀಟರ್ ಎತ್ತರದ ಓರ್ಟ್ಲರ್ ಶಿಖರ ಹಿಮ ಹೊದ್ದು ನಿಂತಿರುತ್ತದೆ. ಏರುವಾಗ ಅದು ಬೆನ್ನಿಗಿರುತ್ತದೆ, ಇಳಿಯುವಾಗ ಕಣ್ಣಿಗೆ.

ಹೈಡರ್‌ಸೇ ಎಂಬ ಸಣ್ಣ ಸಹಜ ಸರೋವರ ಎದುರಾದರೆ ಏರು ಬಹುಪಾಲು ಮುಗಿದಂತೆಯೇ. ಅದರ ಆಚೆಗಿನ ಸಾಂಕ್ಟ್ ವ್ಯಾಲೆಂಟಿನ್ ಹಳ್ಳಿ 1,470 ಮೀಟರ್ ಎತ್ತರದಲ್ಲಿದೆ. ಅಲ್ಲಿ ಕಾಫಿಗೆ ನಿಂತು, ಬಾಟಲಿಗೆ ನೀರು ತುಂಬಿಸಿಕೊಳ್ಳಿ. ಹಳ್ಳಿಗಳ ಕಾರಂಜಿಗಳ ನೀರು ಕುಡಿಯಲು ಯೋಗ್ಯ. ಯೋಗ್ಯವಲ್ಲದ ಕಡೆ ಎರಡು ಭಾಷೆಗಳಲ್ಲಿ ಫಲಕ ಹಾಕಿರುತ್ತಾರೆ.

ಜಲಾಶಯದ ಸುತ್ತ

ಹಳ್ಳಿಯನ್ನು ದಾಟುತ್ತಿದ್ದಂತೆ ಅಣೆಕಟ್ಟು, ಅದರಾಚೆ ರೆಶೆನ್ ಜಲಾಶಯ. ಸುತ್ತಲಿನ ದಾರಿ ಸುಮಾರು 15 ಕಿಲೋಮೀಟರ್. ಇದನ್ನು ಗಡಿಯಾರದ ಮುಳ್ಳಿನ ದಿಕ್ಕಿನಲ್ಲಿ, ಅಂದರೆ ಅಣೆಕಟ್ಟನ್ನು ದಾಟಿ ಪಶ್ಚಿಮ ದಂಡೆಯಲ್ಲಿ ಉತ್ತರಕ್ಕೆ ಹೋಗಿ, ಪೂರ್ವ ದಂಡೆಯಲ್ಲಿ ಹಿಂದಿರುಗುವಂತೆ ಸುತ್ತಬೇಕೆಂಬುದು ನನ್ನ ಸಲಹೆ. ಪಶ್ಚಿಮ ದಂಡೆಯ ದಾರಿ ಕಾಡಿನ ಅಂಚಿನಲ್ಲಿ ಏರಿಳಿಯುತ್ತ ವಾಹನಗಳ ಸದ್ದಿಲ್ಲದೆ ಸಾಗುತ್ತದೆ. ಅಲ್ಲಿಂದ ನೀರಿನಾಚೆ, ದೂರದಲ್ಲಿ, ಒಂದು ಗಂಟೆಗೋಪುರ ನೀರಿನೊಳಗಿಂದ ಎದ್ದು ನಿಂತಿರುವುದು ಕಾಣುತ್ತದೆ. ಪೂರ್ವ ದಂಡೆಯ ವಾಹನ ನಿಲ್ದಾಣದಿಂದ ನೋಡಿದರೆ ಅದು ಒಂದು ಚಿತ್ರಪಟ. ಪಶ್ಚಿಮದಿಂದ ನೋಡಿದಾಗ ಮಾತ್ರ ಎಷ್ಟು ದೊಡ್ಡ ಬಯಲು ನೀರಿನಡಿಗೆ ಹೋಗಿದೆ ಎಂಬ ಅಂದಾಜು ಸಿಗುತ್ತದೆ.

ಉತ್ತರದ ತುದಿಯ ರೆಶೆನ್ ಹಳ್ಳಿಯಿಂದ ಸ್ವಲ್ಪ ಮೇಲಕ್ಕೆ ನಡೆದರೆ ಎಟ್ಶ್ ನದಿಯ ಮೂಲವಿದೆ. ಇಲ್ಲಿ ಕೈಯಗಲದ ತೊರೆಯಾಗಿರುವುದು 410 ಕಿಲೋಮೀಟರ್ ಹರಿದು, ವೆರೋನಾ ನಗರವನ್ನು ಬಳಸಿ, ಏಡ್ರಿಯಾಟಿಕ್ ಸಮುದ್ರ ಸೇರುತ್ತದೆ. ಇಟಲಿಯ ಎರಡನೆಯ ಅತಿ ಉದ್ದದ ನದಿ ಇದು. ಮೂಲದ ಪಕ್ಕದಲ್ಲಿಯೇ ಕಾಂಕ್ರೀಟಿನ ಬಂಕರ್ ಇದೆ. ಮುಸೊಲಿನಿಯ ಸರ್ಕಾರ ತನ್ನ ಮಿತ್ರನೇ ಆಗಿದ್ದ ಜರ್ಮನಿಯನ್ನು ನಂಬಲಾರದೆ ಈ ಗಡಿಯುದ್ದಕ್ಕೂ ಇಂಥ ಬಂಕರುಗಳನ್ನು ಕಟ್ಟಿಸಿತು. ಪ್ಲಾಮೋರ್ಟ್ ಎಂಬ ಎತ್ತರದ ಬಯಲಿನಲ್ಲಿ ಟ್ಯಾಂಕುಗಳನ್ನು ತಡೆಯಲು ನೆಟ್ಟ ಮೊನಚು ಕಂಬಗಳ ಸಾಲು ಇಂದಿಗೂ ಉಳಿದಿದೆ. ಆದರೆ ಅದು ಬೆಟ್ಟದ ಸೈಕಲ್ ಇರುವವರ ದಾರಿ. ಈ ಸುತ್ತಿನಲ್ಲಿ ಅದನ್ನು ಬಿಟ್ಟುಬಿಡಿ.

ರೆಶೆನ್‌ನಿಂದ ದಕ್ಷಿಣಕ್ಕೆ ತಿರುಗಿದರೆ ಗ್ರೌನ್. ಇಲ್ಲಿ ಕನಿಷ್ಠ ಒಂದು ಗಂಟೆ ಕೊಡಿ. ಜಲಾಶಯ ಬರುವ ಮೊದಲು ಇಲ್ಲಿ ಬೇರೆ ಬೇರೆಯಾದ ಸಹಜ ಸರೋವರಗಳಿದ್ದವು. ಜಲವಿದ್ಯುತ್ತಿಗಾಗಿ ನೀರಿನ ಮಟ್ಟವನ್ನು 22 ಮೀಟರ್ ಏರಿಸುವ ಯೋಜನೆ ಫ್ಯಾಸಿಸ್ಟ್ ಆಡಳಿತದ ಕಾಲದಲ್ಲಿ ರೂಪುಗೊಂಡಿತು. ಯುದ್ಧ ಮುಗಿದ ಮೇಲೆ ಮೊಂಟೆಕಾಟಿನಿ ಎಂಬ ಕಂಪನಿ ಅದನ್ನು ಪೂರ್ಣಗೊಳಿಸಿತು. ಊರಿನ ಪಾದ್ರಿ ಆಲ್ಫ್ರೆಡ್ ರೀಪರ್ ಅವರು ಪೋಪ್ ಹನ್ನೆರಡನೆಯ ಪಯಸ್ ಅವರ ತನಕ ಹೋಗಿ ಮೊರೆಯಿಟ್ಟರೂ ಕೆಲಸ ನಿಲ್ಲಲಿಲ್ಲ. 1950ರಲ್ಲಿ ಹಳೆಯ ಗ್ರೌನ್ ಪೂರ್ತಿಯಾಗಿ, ರೆಶೆನ್ ಭಾಗಶಃ ನೀರಿನಡಿ ಹೋದವು. 163 ಮನೆಗಳೂ 523 ಹೆಕ್ಟೇರ್ ಕೃಷಿಭೂಮಿಯೂ ಮುಳುಗಿದವು. ಅದೇ ವರ್ಷದ ಜುಲೈನಲ್ಲಿ ಗಂಟೆಗಳನ್ನು ಇಳಿಸಿ ಚರ್ಚನ್ನು ಕೆಡವಿದರು. ಹದಿನಾಲ್ಕನೆಯ ಶತಮಾನದ ಗೋಪುರವನ್ನು ಮಾತ್ರ ಸ್ಮಾರಕವೆಂಬ ಕಾರಣಕ್ಕೆ ಉಳಿಸಿದರು. ಮುಳುಗಡೆ ಎಂಬ ಪದದ ಭಾರ ಬಲ್ಲ ಶರಾವತಿ ಸೀಮೆಯ ಓದುಗರಿಗೆ ಉಳಿದದ್ದನ್ನು ಬಿಡಿಸಿ ಹೇಳಬೇಕಿಲ್ಲ.

ಚಳಿಗಾಲದ ರಾತ್ರಿಗಳಲ್ಲಿ ಆ ಗಂಟೆಗಳ ದನಿ ಕೇಳಿಸುತ್ತದೆ ಎಂಬ ಕಥೆಯನ್ನು ನಿಮಗೂ ಯಾರಾದರೂ ಹೇಳುತ್ತಾರೆ. ಗೋಪುರದಲ್ಲಿ ಗಂಟೆಯೇ ಇಲ್ಲ ಎಂದು ವಾದಿಸಲು ಹೋಗಬೇಡಿ. ವಸಂತದ ಆರಂಭದಲ್ಲಿ ಜಲಾಶಯದ ನೀರು ಇಳಿದಿರುವುದರಿಂದ ಮೇ ತಿಂಗಳಲ್ಲಿ ಬಂದವರಿಗೆ ಗೋಪುರ ಕೆಸರಿನಲ್ಲಿ ನಿಂತಂತೆ ಕಾಣಬಹುದು. ನೀರಿನ ನಡುವಿನ ಚಿತ್ರವೇ ಬೇಕೆಂದರೆ ಜುಲೈ ನಂತರ ಬನ್ನಿ. 2021ರಲ್ಲಿ ದುರಸ್ತಿಗಾಗಿ ನೀರನ್ನು ಇಳಿಸಿದಾಗ ಹಳೆಯ ಊರಿನ ಗೋಡೆಗಳ, ಮೆಟ್ಟಿಲುಗಳ ಅವಶೇಷಗಳು ಕೆಲಕಾಲ ಹೊರಗೆ ಕಂಡಿದ್ದವು.

ಮಧ್ಯಾಹ್ನದ ಊಟವನ್ನು ಗ್ರೌನ್‌ನಲ್ಲಿಯೇ ಮುಗಿಸಿ, ಏಕೆಂದರೆ ಎರಡು ಗಂಟೆಯ ನಂತರ ಹಲವು ಅಡುಗೆಮನೆಗಳು ಮುಚ್ಚುತ್ತವೆ, ಅಂಗಡಿಗಳೂ ನಡುಹಗಲಿನಲ್ಲಿ ಬಾಗಿಲು ಹಾಕುತ್ತವೆ. ಸಸ್ಯಾಹಾರಿಗಳು ಕ್ನೋಡೆಲ್ ಎಂಬ ಬ್ರೆಡ್ಡಿನ ಉಂಡೆಯನ್ನು ಕೇಳುವಾಗ ಎಚ್ಚರವಾಗಿರಬೇಕು: ಅದರಲ್ಲಿ ಸ್ಪೆಕ್ ಎಂಬ ಹಂದಿಮಾಂಸ ಸೇರಿಸುವುದು ಇಲ್ಲಿನ ವಾಡಿಕೆ. ಪಾಲಕ್ ಮತ್ತು ಗಿಣ್ಣು ತುಂಬಿದ ಶ್ಲುಟ್ಸ್‌ಕ್ರಾಪ್ಫೆನ್ ಹೆಚ್ಚು ನಿರಾತಂಕ. ಚೀಲಕ್ಕೆ ಹಾಕಿಕೊಳ್ಳಲು ಪಾರ್ಲ್ ಎಂಬ ಜೋಡಿ ರೊಟ್ಟಿ ಕೊಳ್ಳಿ. ರೈ ಹಿಟ್ಟಿನ ಈ ರೊಟ್ಟಿಗೆ ಹಾಕುವ ಒಣಸೊಪ್ಪು ನಮ್ಮ ಮೆಂತ್ಯದ ಹತ್ತಿರದ ಬಂಧು. ಮೊದಲ ತುತ್ತಿನಲ್ಲೇ ಪರಿಮಳ ಗುರುತು ಸಿಗುತ್ತದೆ.

ಇಳಿಜಾರು, ಮಠ ಮತ್ತು ಗೋಡೆಯೊಳಗಿನ ರಾತ್ರಿ

ಬಂದ ದಾರಿಯಲ್ಲಿಯೇ ಬುರ್ಗೈಸ್‌ಗೆ ಇಳಿಯಿರಿ. ಬ್ರೇಕನ್ನು ಒಂದೇ ಸಮನೆ ಒತ್ತಿಹಿಡಿಯದೆ ಬಿಟ್ಟು ಬಿಟ್ಟು ಒತ್ತಬೇಕು, ಹಿಂದಿನದನ್ನು ಮೊದಲು ಒತ್ತಬೇಕು. ಮರಗಳ ನೆರಳಿನ ತಿರುವುಗಳಲ್ಲಿ ಒದ್ದೆ ಎಲೆಗಳಿರುತ್ತವೆ.

ಬುರ್ಗೈಸ್‌ನ ಚೌಕದಲ್ಲಿ ಸೈಕಲ್‌ಗೆ ಬೀಗ ಹಾಕಿ, ಮಾರಿಯೆನ್‌ಬೆರ್ಗ್ ಮಠಕ್ಕೆ ನಡೆದೇ ಹೋಗಿ. 120 ಮೀಟರ್ ಕಡಿದಾದ ಏರನ್ನು ದಣಿದ ಕಾಲಲ್ಲಿ ತುಳಿಯುವುದಕ್ಕಿಂತ ಅರ್ಧ ಗಂಟೆಯ ನಡಿಗೆಯೇ ಸುಲಭ. ಹನ್ನೆರಡನೆಯ ಶತಮಾನದಲ್ಲಿ ನೆಲೆಗೊಂಡ ಈ ಬಿಳಿಯ ಮಠ 1,340 ಮೀಟರ್ ಎತ್ತರದಲ್ಲಿದ್ದು, ಯುರೋಪಿನ ಬೆನೆಡಿಕ್ಟೈನ್ ಮಠಗಳಲ್ಲೇ ಅತಿ ಎತ್ತರದ್ದೆಂದು ಹೆಸರಾಗಿದೆ. ನೆಲಮಾಳಿಗೆಯ ಪ್ರಾರ್ಥನಾಗೃಹದಲ್ಲಿ 1175ರ ಆಸುಪಾಸಿನ ದೇವದೂತರ ಭಿತ್ತಿಚಿತ್ರಗಳಿವೆ. ಶತಮಾನಗಳ ಕಾಲ ಮರೆಯಾಗಿದ್ದ ಅವು 1980ರಲ್ಲಿ ಪೂರ್ಣವಾಗಿ ಬೆಳಕಿಗೆ ಬಂದವು. ಬೆಳಕು ಕಾಣದೆ ಇದ್ದದ್ದರಿಂದಲೇ ಬಣ್ಣ ಮಾಸದೆ ಉಳಿದಿವೆ. ಅವುಗಳ ರಕ್ಷಣೆಗಾಗಿ ಕೆಳಗಿಳಿಯಲು ಮಿತಿಯಿದೆ. ಪ್ರವೇಶ ಸಿಗದಿದ್ದರೆ ವಸ್ತುಸಂಗ್ರಹಾಲಯದಲ್ಲಿಯೇ ಅವುಗಳ ವಿವರ ನೋಡಬಹುದು.

ಅಲ್ಲಿಂದ ಶ್ಲೈಸ್, ಲಾತ್ಶ್ ಹಳ್ಳಿಗಳ ಮೂಲಕ ಗ್ಲೂರ್ನ್ಸ್‌ಗೆ ಸುಖದ ಇಳಿಕೆ. ಲಾತ್ಶ್‌ನಲ್ಲಿ ಸಂತ ಲಿಯೊನಾರ್ಡ್ ಚರ್ಚನ್ನು ತಪ್ಪಿಸಬೇಡಿ. ಇದನ್ನು ರಸ್ತೆಯ ಮೇಲೆಯೇ ಕಟ್ಟಿದ್ದಾರೆ. ದಾರಿ ಅದರ ಹೊಟ್ಟೆಯ ಕೆಳಗಿನಿಂದ ಹಾದುಹೋಗುತ್ತದೆ.

ಸುಮಾರು ಒಂಬೈನೂರು ಜನರ ಗ್ಲೂರ್ನ್ಸ್ ಊರು ಸುತ್ತ ಕೋಟೆಗೋಡೆ, ಮೂರು ಹೆಬ್ಬಾಗಿಲು, ಮೂಲೆಗೆ ದುಂಡು ಬುರುಜುಗಳಿಂದ ಇಂದಿಗೂ ಇಡಿಯಾಗಿ ಉಳಿದಿದೆ. ರಾತ್ರಿ ತಂಗಲು ಇದಕ್ಕಿಂತ ಒಳ್ಳೆಯ ಊರು ಈ ದಾರಿಯಲ್ಲಿಲ್ಲ, ಏಕೆಂದರೆ ಹಗಲು ಬಂದವರೆಲ್ಲ ಸಂಜೆ ಹೊರಟುಹೋದ ಮೇಲೆ ತಗ್ಗು ಕಮಾನುಗಳ ಬೀದಿ ನಿಮ್ಮದಾಗುತ್ತದೆ. 1304ರ ಹೊತ್ತಿಗೆ ಪಟ್ಟಣವೆನಿಸಿಕೊಂಡಿದ್ದ ಈ ಊರು ಉಪ್ಪಿನ ವ್ಯಾಪಾರದಿಂದ ಬೆಳೆಯಿತು. 1499ರ ಮೇ 22ರಂದು ಹತ್ತಿರದ ಕ್ಯಾಲ್ವೆನ್ ಎಂಬಲ್ಲಿ ಆಸ್ಟ್ರಿಯಾವನ್ನು ಆಳುತ್ತಿದ್ದ ಹ್ಯಾಬ್ಸ್‌ಬರ್ಗ್ ಮನೆತನದ ಪಡೆಯನ್ನು ಇಂದಿನ ಸ್ವಿಸ್ ಗ್ರಾಬುಂಡೆನ್ ಪ್ರಾಂತ್ಯದ ಮೂರು ಒಕ್ಕೂಟಗಳ ರೈತಸೈನ್ಯ ಸೋಲಿಸಿ, ಸುತ್ತಲಿನ ಊರುಗಳನ್ನು ಸುಟ್ಟಿತು. ಆ ಪೆಟ್ಟಿನ ನಂತರ ಚಕ್ರವರ್ತಿ ಮೊದಲನೆಯ ಮ್ಯಾಕ್ಸಿಮಿಲಿಯನ್ ಊರನ್ನು ಮತ್ತೆ ಭದ್ರಪಡಿಸಲು ಆಜ್ಞಾಪಿಸಿದ. ಗೋಡೆ ಮುಗಿಯುವಾಗ 1580 ಆಗಿತ್ತು. ಅಷ್ಟರಲ್ಲಿ ಫಿರಂಗಿಗಳು ಬಂದು ಗೋಡೆಯೇ ಹಳತಾಗಿತ್ತು ಎಂಬುದು ಬೇರೆ ಮಾತು.

ಇಲ್ಲಿನ ನ್ಯಾಯಾಲಯದಲ್ಲಿ 1520ರಲ್ಲಿ ಹೊಲದ ಇಲಿಗಳ ಮೇಲೆ ವಿಚಾರಣೆ ನಡೆಯಿತು. ಸ್ಟಿಲ್ಫ್ಸ್ ಹಳ್ಳಿಯವರು ದೂರು ಕೊಟ್ಟಿದ್ದರು. ಇಲಿಗಳ ಪರವಾಗಿಯೂ ವಾದಿಸಲು ಒಬ್ಬರನ್ನು ನೇಮಿಸಲಾಗಿತ್ತು. ಇಲಿಗಳು ಹದಿನಾಲ್ಕು ದಿನಗಳಲ್ಲಿ ಹೊಲ ಬಿಡಬೇಕೆಂದೂ, ಗರ್ಭಿಣಿ ಇಲಿಗಳಿಗೂ ಮರಿಗಳಿಗೂ ಹೆಚ್ಚಿನ ಕಾಲಾವಕಾಶ ಕೊಡಬೇಕೆಂದೂ ತೀರ್ಪಾಯಿತು. ಅಣೆಕಟ್ಟಿನ ಕಥೆ ಕೇಳಿದ ದಿನವೇ ಇದನ್ನು ಕೇಳಿದರೆ ನಗು ಅರ್ಧಕ್ಕೇ ನಿಲ್ಲುತ್ತದೆ.

ಎರಡನೆಯ ದಿನ: ಗಡಿಯಾಚೆಯ ಮಠ

ಗ್ಲೂರ್ನ್ಸ್‌ನ ಪಶ್ಚಿಮ ಬಾಗಿಲಿನಿಂದ ಹೊರಟು, ಕ್ಯಾಲ್ವೆನ್ ಕಣಿವೆಬಾಯಿಯ ಮೂಲಕ ಸುಮಾರು ಹತ್ತು ಕಿಲೋಮೀಟರ್, 340 ಮೀಟರ್ ಏರು. ನಿನ್ನೆಗಿಂತ ಸೌಮ್ಯವಾದ ದಾರಿ. ಜಲ್ಲಿಯ ಭಾಗಗಳಲ್ಲಿ ವೇಗ ಬೇಡ. ಗಡಿಗೆ ಮುಂಚಿನ ತೌಫರ್ಸ್ ಹಳ್ಳಿಯಲ್ಲಿ ಸಂತ ಜಾನ್ ಚರ್ಚಿನ ಹೊರಗೋಡೆಯ ಮೇಲೆ ಆಳೆತ್ತರ ಮೀರಿದ ಸಂತ ಕ್ರಿಸ್ಟೋಫರನ ಚಿತ್ರವಿದೆ. ಅವನು ಪ್ರಯಾಣಿಕರ ಪಾಲಕ. ದಾರಿಹೋಕರಿಗೆ ದೂರದಿಂದಲೇ ಕಾಣಲಿ ಎಂದು ಅಷ್ಟು ದೊಡ್ಡದಾಗಿ ಬರೆದಿದ್ದಾರೆ. ನಂತರ ಗಡಿಠಾಣೆ. ನಿಲ್ಲಿಸಿ ಕೇಳಿದರೆ ದಾಖಲೆ ತೋರಿಸಿ ಮುಂದುವರಿಯಿರಿ.

ಆಚೆಗೆ ಮ್ಯೂಸ್ಟೈರ್. ಇಲ್ಲಿ ಜನರ ಮಾತು ಜರ್ಮನ್ನೂ ಅಲ್ಲ, ಇಟಾಲಿಯನ್ನೂ ಅಲ್ಲ, ರೊಮಾನ್ಶ್. ಸಂತ ಜಾನ್ ಸನ್ಯಾಸಿನಿಯರ ಮಠ ಸುಮಾರು ಕ್ರಿ.ಶ. 775ರಲ್ಲಿ ಸ್ಥಾಪನೆಯಾಯಿತು. ಹಿಮಗಾಳಿಯಲ್ಲಿ ಸಿಕ್ಕು ಬದುಕಿ ಉಳಿದ ಫ್ರಾಂಕ್ ದೊರೆ ಚಾರ್ಲ್‌ಮೇನ್ ಹರಕೆ ತೀರಿಸಲು ಕಟ್ಟಿಸಿದನೆಂಬುದು ಐತಿಹ್ಯ. ಒಳಗೋಡೆಗಳ ಮೇಲೆ ಒಂಬತ್ತನೆಯ ಶತಮಾನದ ಭಿತ್ತಿಚಿತ್ರಗಳ ಸಾಲು ಸಾಲೇ ಇದೆ. ಅವುಗಳಿಗಾಗಿಯೇ 1983ರಲ್ಲಿ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೆ ಇದು ಸೇರಿತು. ಪೂರ್ವದ ಮೂರು ಅರ್ಧವೃತ್ತಾಕಾರದ ಗೂಡುಗಳಲ್ಲಿ ಹಳೆಯ ಚಿತ್ರದ ಮೇಲೆ ನಾಲ್ಕು ಶತಮಾನಗಳ ನಂತರದ ಇನ್ನೊಂದು ಚಿತ್ರವಿದೆ. ಹೆರೋದನ ಔತಣದಲ್ಲಿ ಸಲೋಮಿ ಕೈ ಊರಿ ದೇಹ ಬಾಗಿಸಿ ಕುಣಿಯುವ ದೃಶ್ಯವನ್ನು ಹುಡುಕಿ ನೋಡಿ. ಎಲ್ಲವೂ ಸುಣ್ಣದ ಕೆಳಗೆ ಮರೆತುಹೋಗಿದ್ದವು. 1894ರಲ್ಲಿ ಇಬ್ಬರು ವಿದ್ವಾಂಸರು, ರಾಬರ್ಟ್ ಡುರರ್ ಮತ್ತು ಜೋಸೆಫ್ ಜೆಂಪ್, ಅವುಗಳ ಸುಳಿವು ಹಿಡಿದರು. ಕಣ್ಣು ಕತ್ತಲೆಗೆ ಹೊಂದಿಕೊಳ್ಳಲು ಹತ್ತು ನಿಮಿಷ ಬೆಂಚಿನ ಮೇಲೆ ಸುಮ್ಮನೆ ಕುಳಿತುಕೊಳ್ಳಿ. ಸನ್ಯಾಸಿನಿಯರು ಇಂದಿಗೂ ಇಲ್ಲಿ ವಾಸಿಸುವುದರಿಂದ ಮಾತು ಮೆತ್ತಗಿರಲಿ, ಸೈಕಲ್ ತುಳಿಯುವ ಬಿಗಿ ಚಡ್ಡಿಯ ಮೇಲೆ ಒಂದು ಪ್ಯಾಂಟ್ ಇರಲಿ.

ಹಿಂದಿರುಗುವ ಹಾದಿ ಪೂರ್ತಿ ಇಳಿಜಾರು. ಒಂದು ಗಂಟೆಯೊಳಗೆ ಗ್ಲೂರ್ನ್ಸ್. ಮಳೆ ಬಂದರೆ ಮ್ಯೂಸ್ಟೈರ್‌ನಿಂದ ಮಾಲ್ಸ್‌ಗೆ ಸ್ವಿಸ್ ಅಂಚೆ ಬಸ್ ಇದೆ. ಸಮಯ ಉಳಿದರೆ ಪಕ್ಕದ ಶ್ಲುಡೆರ್ನ್ಸ್ ಊರಿನ ಮೇಲಿರುವ ಕೂರ್‌ಬುರ್ಗ್ ಕೋಟೆಗೆ ಹೋಗಿ. ಅಲ್ಲಿನ ಆಯುಧಶಾಲೆಯ ಕವಚಗಳನ್ನು ಅವುಗಳ ಒಡೆಯರಿಗೇ ಅಳತೆ ಹಿಡಿದು ಮಾಡಲಾಗಿತ್ತು; ಮಾರ್ಗದರ್ಶಕರ ಜೊತೆಗಷ್ಟೇ ಪ್ರವೇಶವಿರುವುದರಿಂದ ಕೊನೆಯ ಸುತ್ತಿನ ವೇಳೆಯನ್ನು ವಿಚಾರಿಸಿಕೊಂಡು ಹೊರಡಿ. ಶ್ಲುಡೆರ್ನ್ಸ್‌ನಲ್ಲಿಯೂ ರೈಲು ನಿಲ್ಲುತ್ತದೆ. ಸೈಕಲ್ಲನ್ನು ಮಾಲ್ಸ್‌ಗೇ ಮರಳಿಸಬೇಕೋ ಬೇರೆ ನಿಲ್ದಾಣದಲ್ಲಿ ಬಿಡಬಹುದೋ ಎಂಬುದನ್ನು ಮೊದಲ ದಿನವೇ ಅಂಗಡಿಯಲ್ಲಿ ಕೇಳಿಟ್ಟುಕೊಂಡಿದ್ದರೆ ಕೊನೆಯ ನಾಲ್ಕೈದು ಕಿಲೋಮೀಟರ್ ಏರು ತಪ್ಪುತ್ತದೆ.